ಸಪ್ಪೆ ನೀರು

ನೀರಿನ ರುಚಿ ಹೇಳುವುದರಲ್ಲಿ ನಮ್ಮ ಊರಿನಲ್ಲಿ ನನ್ನ ಹೆಂಡತಿ ಅಕ್ಕಾತಾಯಿಯನ್ನು ಮೀರಿಸುವವರು ಇರಲಿಲ್ಲ. ಬೆಳಗಿನ ಸ್ನಾನ ಮುಗಿಸಿ, ಎರಡು ಪದರದ ಬಿಳಿ ಬಟ್ಟೆಯಲ್ಲಿ ನೀರು ಸೋಸಿ ಗಡಿಗೆ ತುಂಬುವುದು ನಮ್ಮ ಮನೆತನದ ನೇಮ. ಕಣ್ಣಿಗೆ ಕಾಣದ ಜೀವಕ್ಕೂ ನಮ್ಮಿಂದ ನೋವಾಗಬಾರದೆಂದು ಹಿರಿಯರು ಹಾಕಿಕೊಟ್ಟದ್ದು. ಸೋಸಿದ ಮೇಲೆ ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಲ್ಲುವಳು. ಆಮೇಲೆ ನನ್ನ ಕಡೆ ತಿರುಗಿ, “ಇವತ್ತ ಸಪ್ಪಗ ಐತ್ರಿ, ಕುಡೀರಿ” ಎನ್ನುವಳು. ಇಲ್ಲವೇ, “ಒಂಚೂರು ಒಗರು. ನಿಮ್ಮ ತಮ್ಮ ಏನೋ ಸುಳ್ಳು ಬರದಾನ” ಎಂದು ನಗುವಳು. ಅವಳು ಹೋದ ಮೇಲೆ ನಾನೇ ಸೋಸುತ್ತೇನೆ. ರುಚಿ ನೋಡುವುದನ್ನು ಬಿಟ್ಟಿದ್ದೇನೆ.

ನಮ್ಮ ಊರಿನಲ್ಲಿ ಯಾರಾದರೂ ಇನ್ನೊಬ್ಬರ ವಿಷಯ ಫೋನಿನಲ್ಲಿ ಬರೆದು ಕಳಿಸಿದರೆ, ಆ ಮಾತಿನ ರುಚಿ ಆ ಇನ್ನೊಬ್ಬರು ಕುಡಿಯುವ ನೀರಿಗೆ ಇಳಿಯುತ್ತದೆ. ಬೈಗುಳ ಬೇವಿನಂತೆ ಕಹಿ. ಸುಳ್ಳು ನೇರಳೆಯ ಕಾಯಿಯಂತೆ ಒಗರು. ಹೊಟ್ಟೆಕಿಚ್ಚು ಉಪ್ಪು. ಅಕ್ಕರೆಯ ಮಾತು ಸಿಹಿ. ಯಾರೂ ಏನೂ ಬರೆಯದ ದಿನ ನೀರು ನೀರಿನಂತೆಯೇ ಸಪ್ಪಗಿರುತ್ತದೆ. ಮೊದಮೊದಲು ಜನ ಬಾವಿ ತೋಡಿಸಿದರು, ಪೈಪು ಬದಲಿಸಿದರು. ಪುರಸಭೆಯ ಅಧ್ಯಕ್ಷರು ಹೊರಗಿನ ಊರಿಂದ ಕ್ಯಾನಿನ ನೀರು ತರಿಸಿದರು. ಅದು ಅವರ ಲೋಟಕ್ಕೆ ಬೀಳುವ ಹೊತ್ತಿಗೆ ಕಹಿಯಾಗಿಯೇ ಬೀಳುತ್ತಿತ್ತು. ಕೊನೆಗೆ ಎಲ್ಲರೂ ಹೊಂದಿಕೊಂಡರು. ಚುನಾವಣೆಯ ತಿಂಗಳಲ್ಲಿ ನಿಂತವರ ಮನೆಗಳಲ್ಲಿ ಬೆಲ್ಲ ಹೆಚ್ಚು ಖರ್ಚಾಗುತ್ತದೆ. ಮದುವೆ ಮನೆಯಲ್ಲಿ ಪಾಯಸಕ್ಕೆ ಸಕ್ಕರೆ ಹಾಕುವ ಮೊದಲು ಅಡುಗೆಯವನು ನೀರನ್ನು ಒಮ್ಮೆ ನೆಕ್ಕಿ ನೋಡುತ್ತಾನೆ. ಚಹಾದಂಗಡಿಯ ಬಸಲಿಂಗ, “ಕಾಕಾ, ನಿಮ್ಮ ಅಳಿಯ ಏನೋ ಚಲೋ ಬರದಂಗೈತಿ, ಇವತ್ತ ನಿಮ್ಮ ಚಾಕ್ಕ ಸಕ್ಕರಿ ಉಳೀತು ನೋಡ್ರಿ” ಎನ್ನುತ್ತಾನೆ.

ಓಣಿಯ ಹೆಂಗಸರು ತಂಬಿಗೆ ಹಿಡಿದು ಅಕ್ಕಾತಾಯಿಯ ಹತ್ತಿರ ಬರುತ್ತಿದ್ದರು.

“ಅಕ್ಕಾತಾಯವ್ವಾ, ಇದನ್ನ ಒಂದೀಟು ನೋಡ್ರಿ. ಮುಂಜಾನಿಂದ ಕಹಿ ಹತ್ತೇತಿ. ಇದು ನಮ್ಮ ನಾದಿನೀದೋ, ಬೀಗತೀದೋ?”

“ನಿನ್ನ ನಾಲಿಗಿ ಏನ ಹೇಳತೈತಿ?”

“ನಾದಿನೀದ ಅಂತೈತ್ರಿ.”

“ಹಂಗಾದ್ರ ಬೀಗತೀದ ಇರಬೇಕು ತಗಿ. ಚೂರು ಬೆಲ್ಲಾ ಹಾಕ್ಕೊಂಡು ಕುಡದ ಬಿಡು.”

ಅವಳಿಗೆ ನಿಜವಾಗಿ ಗೊತ್ತಾಗುತ್ತಿತ್ತೆಂದೇ ನನ್ನ ನಂಬಿಕೆ. ಒಂದು ದಿನವೂ ಸರಿಯಾದ ಹೆಸರು ಹೇಳಲಿಲ್ಲ.

ಬಸದಿಯ ನೀರೊಂದೇ, ಯಾರ ಲೋಟಕ್ಕೆ ಬಿದ್ದರೂ, ಎಂದೂ ಬದಲಾಗಲಿಲ್ಲ. ಊರವರು ದಿನ ಬೆಳಗಾದರೆ ಅರ್ಹಂತರ ಸ್ತುತಿಯನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಾರೆ. ಆದರೂ ಅಭಿಷೇಕದ ನೀರು ಸಪ್ಪೆ. ಹೊಗಳಿಕೆ ತಾಗದು, ತೆಗಳಿಕೆಯೂ ತಾಗದು. ಆದ್ದರಿಂದ ನಮ್ಮಲ್ಲಿ ಸಪ್ಪೆ ನೀರೆಂದರೆ ಪುಣ್ಯ. ಹೆಣ್ಣು ನೋಡಲು ಹೋದವರು ಮೊದಲು ಕುಡಿಯಲು ನೀರು ಕೇಳುತ್ತಾರೆ. ಸಪ್ಪಗಿದ್ದರೆ ಆ ಮನೆಯಲ್ಲಿ ತಂಟೆ ತಕರಾರಿಲ್ಲವೆಂದು ಒಪ್ಪುತ್ತಾರೆ. ನಾನೂ ಎಪ್ಪತ್ತು ದಾಟುವವರೆಗೆ ಹಾಗೆಯೇ ನಂಬಿದ್ದವನು.

ಶಾಲೆಗೆ ಟ್ಯಾಬುಗಳು ಬಂದಾಗ ಆ ಪುಣ್ಯಕ್ಕೆ ಮೊದಲ ಪೆಟ್ಟು ಬಿತ್ತು. ಒಂದು ವಾರದೊಳಗೆ ಊರಿನ ಅರ್ಧ ಮನೆಗಳ ಗಡಿಗೆ ಕಹಿಯಾಯಿತು. ಮಕ್ಕಳು ಮಕ್ಕಳನ್ನು ಬೈದು ಬರೆದದ್ದಕ್ಕೆ ತಾಯಂದಿರು ವಾಂತಿ ಮಾಡಿಕೊಂಡರು. ನಾನು ಶಾಲೆಯ ಸಮಿತಿಯಲ್ಲಿದ್ದೆ. ಸಭೆಯಲ್ಲಿ ಹೆಡ್‌ಮಾಸ್ತರರು ಟ್ಯಾಬುಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕೋಣವೆಂದರು. ಹೊಸದಾಗಿ ಬಂದಿದ್ದ ಶಿಕ್ಷಕಿ ನಾಗಶ್ರೀ ಅಕ್ಕೋರು ಎದ್ದು ನಿಂತರು. ಸಣ್ಣ ಆಳು, ದೊಡ್ಡ ಕನ್ನಡಕ.

“ಕಪಾಟಿನ್ಯಾಗ ಕೀಲಿ ಹಾಕಿದ್ರ ಟ್ಯಾಬು ಶಾಣ್ಯಾ ಆಗ್ತಾವ ಸರ, ಹುಡುಗ್ರು ಆಗೂದಿಲ್ಲ. ನನಗ ಒಂದ ತಿಂಗಳ ಕೊಡ್ರಿ.”

ಅವರು ಮಾಡಿದ್ದು ಇಷ್ಟು. ಪ್ರತಿ ಮಗುವೂ ಮನೆಯಿಂದ ಒಂದು ಸ್ಟೀಲಿನ ಲೋಟ ತರಬೇಕು, ನೀರು ತುಂಬಿ ಟ್ಯಾಬಿನ ಪಕ್ಕದಲ್ಲಿಟ್ಟುಕೊಳ್ಳಬೇಕು. ಇನ್ನೊಬ್ಬರ ಬಗ್ಗೆ ಏನು ಬರೆಯಬೇಕೆನಿಸಿದರೂ, ಅವರ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದು, ಮೊದಲು ತನಗೇ ಕಳಿಸಿಕೊಳ್ಳಬೇಕು. ಆಮೇಲೆ ಲೋಟದಿಂದ ಒಂದು ಗುಟುಕು ಕುಡಿಯಬೇಕು. ನುಂಗಲು ಬಂದರೆ ಅವರಿಗೆ ಕಳಿಸಬಹುದು. ನಾನು ನೋಡಲು ಹೋದ ದಿನ ಒಬ್ಬ ಹುಡುಗ ಕುಡಿದವನೇ ಕಿಟಕಿಗೆ ಓಡಿದ.

“ಎಲ್ಲಿ ಹೊಂಟ್ಯೋ? ನುಂಗು. ನೀನ ಬರದದ್ದೈತಿ.”

“ನುಂಗಾಕ ಬರವಲ್ದ್ರಿ ಅಕ್ಕೋರ.”

“ಅವನಿಗರೆ ಹೆಂಗ ಬರತೈತೋ?”

ತರಗತಿ ನಕ್ಕಿತು. ಹುಡುಗನೂ ಬಾಯಿ ಒರೆಸಿಕೊಳ್ಳುತ್ತ ನಕ್ಕ. ಜೀವಮಾನವೆಲ್ಲ ಪ್ರವಚನ ಕೇಳಿದರೂ ನನಗೆ ಅರ್ಧ ಮಾತ್ರ ಹತ್ತಿದ ಮಾತು ಆ ಲೋಟದಲ್ಲಿ ಪೂರ್ತಿ ಇತ್ತು. ಮನೆಗೆ ಬಂದು ಅಕ್ಕಾತಾಯಿಗೆ ಹೇಳಿದೆ. ಆ ತಿಂಗಳು ಮುಗಿಯುವುದರೊಳಗೆ ಊರಿನ ಗಡಿಗೆಗಳು ತಿಳಿಯಾದವು. ಅಕ್ಕೋರಿಗೆ ಸಮಿತಿಯಿಂದ ಶಾಲು ಹೊದಿಸಿದೆವು.

ಅದೇ ವರ್ಷ ಅಕ್ಕಾತಾಯಿಯ ಕಣ್ಣು ಪೂರ್ತಿ ಹೋಯಿತು. ಅಕ್ಕೋರು ತಮ್ಮ ತರಗತಿಯ ಮಕ್ಕಳಿಗೆ, ಊರಿನಲ್ಲಿ ಓದಲು ಬಾರದವರಿಗೆ ಅಥವಾ ಕಣ್ಣು ಕಾಣದವರಿಗೆ ಟ್ಯಾಬಿನಲ್ಲಿರುವ ಕತೆಗಳನ್ನು ಓದಿ ಹೇಳುವ ಕೆಲಸ ಹಚ್ಚಿದ್ದರು. ನಮ್ಮ ಪಾಲಿಗೆ ಬಂದವಳು ಗೋಡೆಯಾಚೆಯ ಸುನಂದಾಳ ಮಗಳು ಅನಂತಮತಿ. ಒಂಬತ್ತನೆಯ ತರಗತಿ. ಎರಡು ಜಡೆ, ಮಾತು ಕಡಿಮೆ. ಕಡಿಮೆ ಏಕೆಂದರೆ ಅವಳಿಗೆ ಮಾತು ತಡೆಯುತ್ತಿತ್ತು. ಅದರಲ್ಲೂ ಕಕಾರ ಬಂದರೆ ನಾಲಗೆ ಅಲ್ಲೇ ನಿಲ್ಲುತ್ತಿತ್ತು, ತಗ್ಗಿನಲ್ಲಿ ಸಿಕ್ಕ ಗಾಲಿಯಂತೆ. ಬಿಟ್ಟ ಮೇಲೆ ಸರಾಗವಾಗಿ ಹೋಗುವಳು.

ಅವಳು ಓದಿದ್ದು ಬಳೆಗಾರನೊಬ್ಬನ ಮಗಳ ಕತೆ. ಬಳೆ ಮಾರಲು ಹೋದ ತಂದೆ ಹಿಂದಿರುಗಿಲ್ಲ. ಮಗಳು ಮನೆಯ ಮುದಿ ಕುದುರೆಯನ್ನು ಹತ್ತಿ ಅವನನ್ನು ಹುಡುಕಲು ಹೊರಟಿದ್ದಾಳೆ. ನಾವು ಹೊತ್ತು ಮುಳುಗುವ ಮೊದಲೇ ಊಟ ಮಾಡುವವರು. ಊಟಕ್ಕೆ ಮುಂಚೆ, ಬಿಸಿಲು ಹೊಸ್ತಿಲ ಮೇಲೆ ಬಿದ್ದಿರುವ ಹೊತ್ತಿಗೆ ಅನಂತಮತಿ ಬಂದು ಮಂಚದ ಕಾಲಿಗೆ ಒರಗಿ ಕೂತು ಓದುವಳು. ಅಕ್ಕಾತಾಯಿ ಗೋಡೆಯ ಕಡೆ ಮುಖ ಮಾಡಿ ಕೇಳುವಳು. ಒಂದು ದಿನ ಕತೆ ಹೊಳೆಯ ದಂಡೆಗೆ ಬಂದು ನಿಂತಿತು. ಹೊಳೆ ತುಂಬಿದೆ. ಕುದುರೆ ಇಳಿಯಲು ಒಲ್ಲದು.

“ಉಳಿದದ್ದು ನಾಳಿಗ್ರಿ ಅಜ್ಜಿ.”

“ಈಗ ಹೇಳಿಬಿಡವಾ, ದಾಟತೈತೋ ಇಲ್ಲೋ?”

“ನನಗೂ ಗೊತ್ತಿಲ್ರಿ. ಮುಂದ ಓದಿಲ್ಲ. ನಿಮ್ಮ ಸಂಗಾಟನ ಓದೂದು.”

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಕಾತಾಯಿ ಬಾಗಿಲ ಕಡೆ ಕಿವಿ ಕೊಟ್ಟು ಕೂತಿದ್ದಳು. ನಾನು ಗೋಡೆಯ ಮೇಲಿಂದ ಸುನಂದಾಳನ್ನು ಕೇಳಿದೆ.

“ಏನವಾ, ಮಗಳಿಗೆ ಮೈಯಾಗ ಹುಷಾರಿಲ್ಲೇನು? ಸಾಲ್ಯಾಗ ಯಾರರೆ ಏನರೆ ಅಂದಾರೇನು?”

“ಇಲ್ರಿ ಕಾಕಾ, ನಮ್ಮ ಗಡಿಗಿ ನೀರ ಸಪ್ಪಗೈತಿ. ದಿನಾ ನೋಡ್ತೇನಿ. ಯಾರೂ ಏನೂ ಅಂದಿಲ್ಲ. ಸುಮ್ನ ಮೂಲಿ ಹಿಡದ ಕುಂದ್ರತಾಳ. ವಯಸ್ಸಿಂದ ಇರಬೇಕು.”

ನಾನೂ ಹೋಗಿ ಒಂದು ಗುಟುಕು ಕುಡಿದು ನೋಡಿದೆ. ಬಸದಿಯ ನೀರಿನಷ್ಟು ಸಪ್ಪೆ. ನೆಮ್ಮದಿಯಾಯಿತು. ಅನಂತಮತಿ ಒಳಗಿನಿಂದ ಬಂದು ಕಂಬದ ಹಿಂದೆ ನಿಂತಳು. “ಬರತೀಯೇನವಾ?” ಎಂದೆ. ತಲೆ ಅಲ್ಲಾಡಿಸಿ, “ಅಭ್ಯಾಸ ಐತ್ರಿ” ಎಂದಳು.

ಅಕ್ಕಾತಾಯಿಗೆ ನಾನು ಅದನ್ನೇ ಹೇಳಿದೆ. ಅವಳು, “ಮುದುಕರ ಮುಂದ ಕುಂತು ಕುಂತು ಬ್ಯಾಸರಾಗಿರತೈತಿ ಕೂಸಿಗೆ. ಹೇಳಾಕ ನಾಚ್ಕೊಂಡೈತಿ. ನಾವ ಬಿಡಿಸಿ ಕಳಸೂನು” ಎಂದಳು. ನನ್ನ ಫೋನಿನಲ್ಲಿ ತಾನೇ ಹೇಳಿ ಬರೆಸಿದಳು: ‘ಬಂಗಾರದಂಥಾ ಮಗಳೇ, ನೀ ಓದಿದ್ದು ಕೇಳಿ ನನ್ನ ಜೀವ ತಂಪಾಗಿತ್ತು. ಇನ್ನು ನಿನ್ನ ಪಾಠ ನೋಡಿಕೋ. ನಮಗಾಗಿ ಬರಬೇಡ. ನಿನಗೆ ಒಳ್ಳೆಯದಾಗಲಿ.’ ಕಳಿಸಿದ ಸ್ವಲ್ಪ ಹೊತ್ತಿಗೆ ಸುನಂದಾ ಗೋಡೆಯಾಚೆಯಿಂದ ಲೋಟ ಎತ್ತಿ ತೋರಿಸಿದಳು.

“ಏನ ಬರದೀರಿ ಕಾಕಾ? ನೀರ ಕಬ್ಬಿನ ಹಾಲ ಆಗೇತಿ!”

ನಾವು ಮೂವರೂ ನಕ್ಕೆವು. ಅಷ್ಟು ಸಿಹಿ ನೀರು ಕುಡಿದ ಮಗು ಇನ್ನು ಸುಖವಾಗಿರುತ್ತದೆಂದು ತಿಳಿದೆವು.

ಅಕ್ಕಾತಾಯಿ ಆಮೇಲೆ ಹಾಸಿಗೆಯಿಂದ ಹೆಚ್ಚು ಏಳಲಿಲ್ಲ. ಡಾಕ್ಟರು ವಯಸ್ಸೆಂದರು. ಆದರೆ ಹೊಸ್ತಿಲ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಅವಳ ಬಾಯಲ್ಲಿ ಅದೇ ಮಾತು: “ಕುದರಿ ಹೊಳಿ ದಾಟಿತೇನ್ರಿ?”

“ಶಾಲೆಯಿಂದ ಆ ಕತಿ ತರಸಲೇನು? ನಾನ ಓದಿ ಹೇಳತೇನಿ” ಎಂದೆ.

“ನೀವ ಬ್ಯಾಡ್ರಿ. ನೀವು ಓದಿದ್ರ ಪಂಚಾಂಗ ಓದಿದಂಗ ಆಕ್ಕೈತಿ. ಗಡಗಡಾ ಹೋಗಿಬಿಡತೀರಿ.” ಆ ಸ್ಥಿತಿಯಲ್ಲೂ ನಕ್ಕಳು. “ಅಕೀ ನಿಂತು ನಿಂತು ಓದತಾಳ ನೋಡ್ರಿ. ಕುದರಿ ಅನ್ನೂದಕ್ಕಿಂತ ಮೊದಲ ನಿಲ್ಲತಾಳ. ಅಕೀ ನಿಂತಾಗ ನನಗ ನೋಡಾಕ ಹೊತ್ತು ಸಿಗತೈತಿ. ಕುದರಿ ಬರತೈತಿ, ಅದರ ಬಣ್ಣ ಕಾಣತೈತಿ, ಬಾಲಾ ಅಲ್ಲಾಡಸತೈತಿ. ಕಣ್ಣ ಹೋದ ಮ್ಯಾಲೆ ನಾ ಏನರೆ ನೋಡಿದ್ರ ಅಕೀ ಬಾಯಾಗ ನೋಡೇನ್ರಿ.”

ಈ ಮಾತನ್ನು ನಾನು ಆಗಲೇ ಗೋಡೆ ದಾಟಿಸಿದ್ದರೆ? ಆದರೆ ಯಾರಿಗೂ ಅವಸರ ಕಾಣಲಿಲ್ಲ. ನೀರು ಸಪ್ಪಗಿತ್ತು.

ಒಂದು ಬೆಳಿಗ್ಗೆ ಬಸದಿಯ ಗಂಟೆ ಕೇಳುವ ಹೊತ್ತಿಗೆ ಅವಳ ಉಸಿರು ಬೇರೆಯಾಯಿತು. ನಾನು ಕಿವಿಯಲ್ಲಿ ಪಂಚನಮಸ್ಕಾರ ಹೇಳುತ್ತಿದ್ದೆ. ಆಗ ತಾನೆ ಸೋಸಿದ ನೀರನ್ನು ಚಮಚದಲ್ಲಿ ಬಾಯಿಗೆ ಬಿಟ್ಟೆ. ಹಳೆಯ ಅಭ್ಯಾಸದಂತೆ ಅವಳು ಅದನ್ನು ನಾಲಗೆಯ ಮೇಲೆ ಇಟ್ಟುಕೊಂಡಳು.

“ಸಪ್ಪಗೈತಿ,” ಎಂದಳು.

“ಪುಣ್ಯವಂತೆ ನೀನು,” ಎಂದೆ.

“ಯಾರೂ ನೆನಸಿಲ್ಲ ಬಿಡ್ರಿ,” ಎಂದಳು.

ಅವಳಿಂದ ನಾನು ಕೇಳಿದ ಕೊನೆಯ ಮಾತು ಅದು. ನಾನು ಪುಣ್ಯವೆಂದು ಕುಡಿಯುತ್ತಿದ್ದ ನೀರನ್ನು ಅವಳು ಯಾರೂ ನೆನೆಯದ ನೀರೆಂದು ಕುಡಿಯುತ್ತಿದ್ದಳೆಂದು, ಅಷ್ಟು ವರ್ಷ ಒಂದೇ ಗಡಿಗೆಯ ನೀರು ಕುಡಿದರೂ ನನಗೆ ತಿಳಿದಿರಲಿಲ್ಲ.

ಅವಳು ಹೋದ ಸುದ್ದಿ ಹರಡಿದಂತೆ ನಮ್ಮ ಮನೆಯ ನೀರು ಪಾಕವಾಯಿತು. ಸತ್ತವರ ಮನೆಯಲ್ಲಿ ಹಾಗಾಗುವುದು ರೂಢಿ. ಎಲ್ಲರೂ ಒಳ್ಳೆಯ ಮಾತು ಬರೆದು ಕಳಿಸುತ್ತಾರೆ. ಬಾಯಿ ಅಂಟುವಷ್ಟು ಸಿಹಿ. ಕುಡಿಯಲಾಗದೆ ಬಸದಿಯಿಂದ ತಂಬಿಗೆಯಲ್ಲಿ ನೀರು ತಂದುಕೊಂಡೆ. ಬದುಕಿದ್ದಾಗ ಒಂದು ಚಮಚ ಸಿಹಿ ಸಿಕ್ಕಿದ್ದರೆ ಅವಳಿಗೆ ಸಾಕಾಗುತ್ತಿತ್ತು.

ಬಂಧುಗಳು ಬಂದು ಕೂರುತ್ತಿದ್ದ ದಿನಗಳವು. ನಾನು ಒಳಗೆ ಅವಳ ಮಂಚದ ಮೇಲೆ ಒರಗಿದ್ದೆ. ಅಂಗಳದಿಂದ ಅನಂತಮತಿಯ ದನಿ ಕೇಳಿತು. “ಕು… ಕು…” ಎಂದು ನಿಲ್ಲುವ ಅದೇ ದನಿ. ನನ್ನ ಎದೆ ಹಗುರಾಯಿತು. ಮಗು ಕೊನೆಗೂ ಓದಲು ಬಂತು, ಇವಳಿಗೆ ಕೇಳಿಸಬೇಕೆಂದು ಬಂತು, ಎಂದುಕೊಂಡು ಎದ್ದು ಹೊರಗೆ ಬಂದೆ. ಅನಂತಮತಿ ಅಲ್ಲಿರಲಿಲ್ಲ. ಸಾಂತ್ವನ ಹೇಳಲು ಬಂದವರೊಬ್ಬರ ಚಿಕ್ಕ ಮಗಳು ತಾಯಿಯ ಫೋನು ಹಿಡಿದು ಕೂತಿದ್ದಳು. ಪರದೆಯಲ್ಲಿ ಅನಂತಮತಿಯ ಮುಖ. ‘ಕು’ ಎಂದು ತುಟಿ ಮುಂದೆ ಮಾಡಿ ಕಣ್ಣು ಮುಚ್ಚಿಕೊಂಡ ಜಾಗದಲ್ಲಿ ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಬರುವಂತೆ ಮಾಡಿ, ಹಿಂದೆ ಕೋಗಿಲೆಯ ಕೂಗನ್ನೂ ಕುಣಿತದ ಹಾಡನ್ನೂ ಸೇರಿಸಿದ್ದರು. ಕೆಳಗೆ ಅಕ್ಷರವಿರಲಿಲ್ಲ. ಸಾಲು ಸಾಲಾಗಿ ನಗುವ ಹಳದಿ ಮುಖಗಳು ಮಾತ್ರ.

“ಇದು ನಿನಗೆಲ್ಲಿ ಸಿಕ್ತವಾ?”

“ಎಲ್ಲಾರ ಫೋನಿನ್ಯಾಗೂ ಐತ್ರಿ ಅಜ್ಜಾ. ನೋಡ್ರಿ, ಕೋಗಿಲಕ್ಕ!” ನನ್ನ ಮುಖ ನೋಡಿ ಹುಡುಗಿ ಹೆದರಿದಳು. “ಸಪ್ಪೀದ್ರಿ ಇದು. ಏನೂ ಆಗೂದಿಲ್ಲ.”

ಶಾಲೆಯ ಮಕ್ಕಳಲ್ಲಿ ಅದಕ್ಕೆ ಹೆಸರೇ ಇತ್ತು: ಸಪ್ಪೆ ಕಳಿಸುವುದು. ಬರೆದರೆ ತಾನೆ ರುಚಿ? ಚಿತ್ರಕ್ಕೆ ರುಚಿಯಿಲ್ಲ, ನಗುವ ಮುಖಕ್ಕೆ ರುಚಿಯಿಲ್ಲ. ಲೋಟದ ಪರೀಕ್ಷೆ ಬಂದ ತಿಂಗಳಲ್ಲೇ ಅವರು ಇದನ್ನು ಕಂಡುಕೊಂಡಿದ್ದರು. ತಮಗೇ ಕಳಿಸಿಕೊಂಡು, ನೇಮದಂತೆ ಕುಡಿದು, ನೀರು ಸಪ್ಪಗಿರುವುದನ್ನು ನೋಡಿ, ಆಮೇಲೆ ಎಲ್ಲರಿಗೂ ಹಂಚಿದ್ದರು. ದೊಡ್ಡವರ ಕಿವಿಗೆ ಆ ಮಾತು ಬಿದ್ದಿತ್ತು. ಸಪ್ಪೆ ಎಂದರೆ ಒಳ್ಳೆಯದೇ ತಾನೆ ಎಂದು ಬಿಟ್ಟಿದ್ದೆವು. ಕಣ್ಣಿಗೆ ಕಾಣದ ಜೀವವನ್ನು ಕಾಪಾಡಲು ಬಟ್ಟೆ ಹಿಡಿಯುವ ಊರಿನಲ್ಲಿ, ಗೋಡೆಯಾಚೆ ಕೂತಿದ್ದ ಜೀವ ಯಾವ ಬಟ್ಟೆಗೂ ಸಿಕ್ಕಲಿಲ್ಲ.

ಸೂತಕ ಕಳೆದ ಮೇಲೆ ನಾಗಶ್ರೀ ಅಕ್ಕೋರ ಬಳಿಗೆ ಹೋದೆ. ಅವರಿಗೂ ಗೊತ್ತಿರಲಿಲ್ಲ. ನನ್ನ, ಸುನಂದಾಳ ಫೋನಿಗೆ ಬಾರದಂತೆಯೇ ಶಿಕ್ಷಕರ ಫೋನಿಗೂ ಅದು ಬಂದಿರಲಿಲ್ಲ. ನೋಡಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅನಂತಮತಿ ತರಗತಿಯಾಗ ಓದೂದು ಬಿಟ್ಟಾಗ ನಾ ಅಕೀ ಲೋಟಾ ತಗೊಂಡು ಕುಡದ ನೋಡಿದ್ನಿರಿ ಅಜ್ಜಾರ. ಅಕೀ ಮಾರಿ ನೋಡಲಿಲ್ಲ.”

ನನ್ನ ಎದುರಿಗೇ ತರಗತಿಗೆ ಹೋದರು. ಬೈಯಲಿಲ್ಲ. ಅನಂತಮತಿಯನ್ನು ಮೊದಲೇ ಗ್ರಂಥಾಲಯಕ್ಕೆ ಕಳಿಸಿದ್ದರು. “ಇದನ್ನ ಯಾರು ಯಾರು ಕಳಿಸೀರಿ?” ಎಂದರು. ಕೈಗಳು ಮೇಲೆದ್ದವು, ಹೆದರಿಕೆಯಿಲ್ಲದೆ.

“ನಾವೇನೂ ಬರದಿಲ್ರಿ ಅಕ್ಕೋರ,” ಎಂದ ಒಬ್ಬ. “ಕುಡದ ನೋಡೇವ್ರಿ. ಬೇಕಾದ್ರ ನೀವೂ ಕುಡೀರಿ.”

ಲೋಟ ಎತ್ತಿ ಹಿಡಿದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಹೇಳಿಕೊಟ್ಟದ್ದನ್ನು ಸರಿಯಾಗಿ ಮಾಡಿದ ವಿದ್ಯಾರ್ಥಿಯ ಮುಖವದು. ಅಕ್ಕೋರು ಆ ಲೋಟ ತೆಗೆದುಕೊಂಡು ಅದರ ನೀರನ್ನು ಕಿಟಕಿಯ ಹೊರಗೆ ಚೆಲ್ಲಿದರು. ಆಮೇಲೆ ಬೆಂಚಿನಿಂದ ಬೆಂಚಿಗೆ ಹೋಗಿ ಎಲ್ಲ ಲೋಟಗಳನ್ನೂ ಚೆಲ್ಲಿ, ಬುಟ್ಟಿಯಲ್ಲಿ ಹಾಕಿದರು. “ಇನ್ನ ಮುಂದ ಲೋಟ ಬ್ಯಾಡ. ಯಾರ ಬಗ್ಗೆ ಏನ ಕಳಸೂದಿದ್ರೂ, ಚಿತ್ರ ಇರಲಿ, ಅಕ್ಷರ ಇರಲಿ, ನಗೂ ಮಾರಿ ಇರಲಿ, ಮೊದಲ ಟ್ಯಾಬ ಹಿಡಕೊಂಡು ಅವರ ಮುಂದ ಹೋಗಿ ನಿಂದ್ರೂದು. ತೋರಸೂದು. ಅವರು ನೋಡೂವಾಗ ಅವರ ಮಾರಿ ನೋಡೂದು. ಆಮ್ಯಾಲೆ ಕಳಸೂದೋ ಬಿಡೂದೋ ನಿಮಗ ತಿಳೀತೈತಿ.” ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಮೇಜಿಗೆ ಹಣೆ ಹಚ್ಚಿ ಅಳುತ್ತಿದ್ದಳು. ಅವಳು ತ್ರಿಶಲಾ, ಅನಂತಮತಿಯ ಪಕ್ಕದಲ್ಲಿ ಕೂರುವವಳು.

ತ್ರಿಶಲಾ ಸಂಜೆ ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು.

“ಆ ವಿಡಿಯೋ ತಗದಾಕಿ ನಾನ್ರಿ ಅಜ್ಜಾ. ಅಕೀನ ತಗೀ ಅಂದಿದ್ಲು. ಎಲ್ಲೆಲ್ಲಿ ನಿಲ್ಲತೇನಿ ಅಂತ ನೋಡಿ ತಿದ್ದಿಕೋಬೇಕು, ಅಜ್ಜಿ ಮುಂದ ಚಲೋ ಓದಬೇಕು ಅಂತಿದ್ಲು.”

“ಮತ್ತ?”

“ಒಬ್ಬಾಕಿಗೆ ಅಷ್ಟ ಕಳಿಸಿದ್ನಿ. ಒಂದ ನಗೂ ಮಾರಿ ಹಾಕಿ. ಕುಡದ ನೋಡಿದ್ನಿ. ಸಪ್ಪಗಿತ್ರಿ.”

‘ಹೋಗವಾ, ಹೊತ್ತಾತು, ಮನ್ಯಾಗ ಕಾಯತಿರತಾರ’ ಎಂದಷ್ಟೇ ಹೇಳಿದೆ. ನನ್ನಲ್ಲಿ ಕೋಪವಿತ್ತು. ಆದರೆ ಅದನ್ನು ಇಡಲು ಆ ಹುಡುಗಿಯ ಮುಖದಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಭಾದ್ರಪದದ ಪರ್ವ ಮುಗಿದು ಕ್ಷಮಾವಣಿ ಬಂತು. ಆ ದಿನ ನಮ್ಮವರು ಮನೆಮನೆಗೂ ಹೋಗಿ, ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕೈಮುಗಿದು ಕ್ಷಮೆ ಬೇಡುತ್ತಾರೆ. ಫೋನು ಬಂದ ಮೇಲೆ ಬಹಳ ಜನ ಕೂತಲ್ಲಿಂದಲೇ ಕಳಿಸಿಬಿಡುತ್ತಾರೆ. ತರಗತಿಯ ಮಕ್ಕಳೂ ತಮ್ಮೊಳಗೆ ಮಾತಾಡಿಕೊಂಡು, ಅಕ್ಕೋರಿಗೂ ತಿಳಿಸದೆ, ಬೆಳಿಗ್ಗೆ ಒಂದೇ ಹೊತ್ತಿಗೆ ಅನಂತಮತಿಗೆ ಕ್ಷಮೆಯ ಮಾತು ಬರೆದು ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು. ಸುನಂದಾ ಗೋಡೆಯಾಚೆಯಿಂದ ಕೂಗಿದಳು.

“ಕಾಕಾ, ಬಂದ ನೋಡ್ರಿ ಇಲ್ಲಿ!”

ಹೋದೆ. ಹಿತ್ತಿಲ ಗೋಡೆಯ ಬಿರುಕಿನಿಂದ ಗಡಿಗೆಯ ಬಾಯಿಯವರೆಗೆ ಇರುವೆಯ ಸಾಲು. ಗಡಿಗೆಯ ಮೈಯೆಲ್ಲ ಕಪ್ಪಾಗಿತ್ತು. ಅನಂತಮತಿ ಅಡುಗೆಮನೆಯ ಮೂಲೆಯಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಬಾಯಾರಿದ ತುಟಿಗಳು ಒಣಗಿದ್ದವು.

“ಒಂದ ಗುಟುಕು ಕುಡಿಯವಾ, ಎಲ್ಲಾರೂ ತಪ್ಪಾತು ಅಂದಾರ,” ಎಂದಳು ತಾಯಿ.

ಮಗಳು ಗಡಿಗೆ ಎತ್ತಿ ಹಿತ್ತಿಲಿಗೆ ಒಯ್ದಳು. ಇರುವೆಗಳು ಮುಳುಗಬಾರದೆಂದು ಮೊದಲು ಒಂದು ಕಡ್ಡಿಯಿಂದ ಅವನ್ನು ಮೆಲ್ಲಗೆ ಇಳಿಸಿದಳು. ಆಮೇಲೆ ನೀರೆಲ್ಲ ಬಾಳೆಯ ಬುಡಕ್ಕೆ ಸುರಿದಳು. ನಾನು ನಮ್ಮ ಮನೆಗೆ ಬಂದು, ಬಸದಿಯಿಂದ ತಂದಿಟ್ಟಿದ್ದ ನೀರನ್ನು ತಂಬಿಗೆಯಲ್ಲಿ ತುಂಬಿಕೊಂಡು ಹೋದೆ. ಅವಳು ಒಂದೇ ಉಸಿರಿಗೆ ಕುಡಿದಳು. ಕುಡಿದು, ತಂಬಿಗೆ ತೊಳೆದು ಕೊಟ್ಟಳು. ನನ್ನ ಹಿಂದೆಯೇ ನಡೆದು ನಮ್ಮ ಮನೆಗೆ ಬಂದಳು, ಕರೆದಿರಲಿಲ್ಲ.

ಮಂಚ ಇದ್ದಲ್ಲೇ ಇತ್ತು. ಹಾಸಿಗೆ ತೆಗೆದಿದ್ದೆ. ಅವಳಿಗೆ ಕೈಮುಗಿದೆ ನಾನು. “ಅನಂತಿ, ನಮ್ಮಿಂದ ತಪ್ಪಾಗೇತಿ, ಕ್ಷಮಾ ಮಾಡವಾ” ಎಂದೆ. ಹಿರಿಯನು ಕಿರಿಯಳಿಗೆ ಕೈಮುಗಿಯುವುದು ಆ ದಿನದ ಪದ್ಧತಿಯೇ. ಆದರೆ ಅವಳು ಗಾಬರಿಯಾದಳು.

“ಅಜ್ಜಿ ಬರಬ್ಯಾಡ ಅಂದ್ರಲ್ರಿ,” ಎಂದಳು.

“ನಿನಗ ಭಾರ ಆಗಬಾರದು ಅಂತ ಅಂದ್ಲವಾ.”

“ನೀರ ಭಾಳ ಸಿಹಿ ಇತ್ರಿ ಅಜ್ಜಾ.” ತಡೆದು ತಡೆದು ಹೇಳಿದಳು. “ಅಷ್ಟ ಸಿಹಿ ಮಾತಾಡಿ ಯಾರೂ… ಕ… ಕರಿಯೂದಿಲ್ಲ. ಕಳಸತಾರ. ಅಜ್ಜಿಗೂ ಯಾರೋ ಆ ವಿಡಿಯೋ ಕೇಳಿಸ್ಯಾರ, ನನ್ನ ಓದು ಸಾಕಾಗೇತಿ ಅಂತ ತಿಳಕೊಂಡ್ನಿ.”

ನಾನು ಮಂಚದ ಅಂಚಿನ ಮೇಲೆ ಕೂತೆ. ಅಕ್ಕಾತಾಯಿ ಹೇಳಿದ ಮಾತನ್ನು ಹೇಳಿದೆ. ನನ್ನದು ಪಂಚಾಂಗದ ಓದೆಂದದ್ದು, ಇವಳು ನಿಂತಾಗ ತನಗೆ ನೋಡಲು ಹೊತ್ತು ಸಿಗುತ್ತಿತ್ತೆಂದದ್ದು, ಕುದುರೆಯ ಬಾಲ ಅಲ್ಲಾಡಿದ್ದು, ಎಲ್ಲವನ್ನೂ ಹೇಳಿದೆ. ದಿನವೂ ಹೊಳೆ ದಾಟಿತೇ ಎಂದು ಕೇಳಿದ್ದನ್ನು ಹೇಳಿದೆ. ಕೊನೆಯ ನೀರಿನ ಮಾತನ್ನು ಮಾತ್ರ ಹೇಳಲಿಲ್ಲ. ಅದು ನನ್ನ ಬಳಿಯೇ ಇರಲಿ.

ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿದಳು, ಅಕ್ಕಾತಾಯಿ ಮುಖ ಮಾಡಿ ಕೇಳುತ್ತಿದ್ದ ಅದೇ ಗೋಡೆ. “ನಿಂತು ನಿಂತು ಓದೂದು… ಬೇಕಾಗಿತ್ತೇನ್ರಿ ಅವರಿಗೆ?” ಎಂದಳು.

“ಅದ ಬೇಕಾಗಿತ್ತು.”

“ಮೊದಲ ಗೊತ್ತಿದ್ರ…” ಎಂದು ನಿಲ್ಲಿಸಿದಳು. ಈ ಸಲ ನಾಲಗೆ ತಡೆದದ್ದಲ್ಲ.

ಅವಳು ಎದ್ದು ಹೋದಳು. ಮತ್ತೆ ಬರುವಳೆಂದು ನಾನು ಎಣಿಸಿರಲಿಲ್ಲ. ಬಿಸಿಲು ಹೊಸ್ತಿಲ ಮೇಲೆ ಬಿದ್ದ ಹೊತ್ತಿಗೆ ಟ್ಯಾಬು ಹಿಡಿದು ಬಂದು, ಮಂಚದ ಕಾಲಿಗೆ ಒರಗಿ, ಮೊದಲಿನಂತೆಯೇ ಕೂತಳು. ಕತೆ ನಿಂತಿದ್ದಲ್ಲೇ ತೆರೆದುಕೊಂಡಿತು. ಅವಳೂ ಮುಂದೆ ಓದಿರಲಿಲ್ಲ. ಮೊದಲ ಶಬ್ದವೇ ಕುದುರೆ. ಅವಳ ತುಟಿ ಮುಂದಾಯಿತು, ಕಣ್ಣು ಮುಚ್ಚಿತು, ಕೊರಳ ನರ ಬಿಗಿಯಿತು. ಪರದೆಯಲ್ಲಿ ಊರೆಲ್ಲ ನೋಡಿ ನಕ್ಕ ಮುಖ ಅದು. ದನಿ ಬರಲಿಲ್ಲ. ನಾನು ಅವಸರ ಮಾಡಲಿಲ್ಲ. ನನಗೆ ಯಾವತ್ತೂ ಬಾರದ ವಿದ್ಯೆ ಅದು. ಅಕ್ಕಾತಾಯಿ ಕೂತಿದ್ದ ಜಾಗದಲ್ಲಿ ಕೂತು, ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತು ಕತ್ತಲೆ. ಆಮೇಲೆ ನೀರಿನ ಸಪ್ಪಳ, ಕೆಂಪು ನೀರು, ದಂಡೆಯ ಮೇಲೆ ಕಾಲು ಊರಿ ನಿಂತ ಒಂದು ಮುದಿ ಕುದುರೆ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ಅದರ ಬಾಲ ಅಲ್ಲಾಡಿತು.

ಅವಳು ಇನ್ನೂ ನಿಂತೇ ಇದ್ದಳು. ನಿಲ್ಲಲಿ ಎಂದುಕೊಂಡೆ. ಹೊಳೆಯ ಆಚೆ ದಡದಲ್ಲಿ ಯಾರೋ ಹೆಂಗಸು ಬಾಗಿ ಬೊಗಸೆಯಲ್ಲಿ ನೀರು ತೆಗೆದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದಳು.